ಮಾಲ್ಟಾದಲ್ಲಿ ನೀರಿಗಿಳಿಯುವ ಮೊದಲು ಗಾಳಿಯನ್ನು ಕೇಳಿ

ಎಲ್ಲರಿಗೂ ನಮಸ್ಕಾರ. ಇಷ್ಟೆಲ್ಲವನ್ನೂ ಮೊಬೈಲಿನಲ್ಲಿ ಒತ್ತುತ್ತಾ ಕೂರುವ ತಾಳ್ಮೆ ನನಗಿಲ್ಲ, ಅದಕ್ಕೇ ಮಾತಿನಲ್ಲಿಯೇ ಹೇಳಿ ಕಳಿಸುತ್ತಿದ್ದೇನೆ. ಉದ್ದವಾಯಿತೆಂದು ಬಯ್ಯಬೇಡಿ, ತರಕಾರಿ ಹೆಚ್ಚುತ್ತಾ ಕೇಳಿಸಿಕೊಳ್ಳಿ. ಪುಟ್ಟಿ ನಿನ್ನೆ ಗುಂಪಿನಲ್ಲಿ ಕೇಳಿದ್ದಳು: ಸೆಪ್ಟೆಂಬರ್ ಕೊನೆಗೆ ನಾಲ್ವರೂ ನೀವಿರುವ ಮೆಡಿಟರೇನಿಯನ್ ದ್ವೀಪದೇಶ ಮಾಲ್ಟಾಗೆ ಬರುತ್ತಿದ್ದೇವೆ ಮಾವ, ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾ ಮಾಡುವುದೋ, ಮುಖವನ್ನು ನೀರಿಗಿಟ್ಟು ಮೇಲೆಯೇ ತೇಲುವ ಸ್ನಾರ್ಕೆಲಿಂಗ್ ಸಾಕೋ, ಯಾವ ದಿನ ಯಾವ ಜಾಗವೆಂದು ಈಗಲೇ ಹಣ ಕಟ್ಟಿಬಿಡೋಣವೇ ಎಂದು. ಅದರ ಕೆಳಗೆ ಭಾವ, ಈಜು ಬಾರದವರಿಗೆ ದಡದಲ್ಲಿ ಕುರ್ಚಿ ಸಿಗುತ್ತದೆಯೇ ಎಂದು ಕೇಳಿದ್ದಾರೆ. ಅತ್ತೆ ಕಲ್ಲಿನ ಕಮಾನೊಂದರ ಚಿತ್ರ ಹಾಕಿ, ಇದನ್ನು ತಪ್ಪದೆ ನೋಡಿ ಬನ್ನಿ ಎಂದಿದ್ದಾರೆ.

ಅತ್ತೇ, ಬೇಸರಿಸಬೇಡಿ, ಆ ಕಮಾನು ಈಗಿಲ್ಲ. ಮಾಲ್ಟಾ ದೇಶದ ಎರಡನೆಯ ದ್ವೀಪವಾದ ಗೊಜೊದ ದ್ವೇಯ್ರಾ ಎಂಬಲ್ಲಿ ನಿಂತಿದ್ದ ಅಜೂರ್ ವಿಂಡೋ ಅದು. 2017ರ ಮಾರ್ಚ್ 8ರ ಬೆಳಿಗ್ಗೆ ಬಿರುಗಾಳಿಗೆ ಕಂಬ ಸಮೇತ ಕುಸಿದು ಸಮುದ್ರಕ್ಕೆ ಬಿತ್ತು. ಪ್ರವಾಸಿ ಜಾಹೀರಾತುಗಳು ಇನ್ನೂ ಹಳೆಯ ಚಿತ್ರವನ್ನೇ ತೋರಿಸುತ್ತವೆ, ನಿಮ್ಮ ತಪ್ಪೇನಲ್ಲ. ಬಿದ್ದ ಬಂಡೆಗಳು ಈಗ ನೀರಿನಡಿಯಲ್ಲಿ ಇವೆ, ಡೈವ್ ಮಾಡುವವರು ಅವುಗಳ ನಡುವೆ ಈಜಿ ಬರುತ್ತಾರೆ. ಅದರ ಪಕ್ಕದಲ್ಲೇ ಬ್ಲೂ ಹೋಲ್ ಇದೆ: ಸುಣ್ಣಕಲ್ಲಿನಲ್ಲಿ ಸುಮಾರು ಹತ್ತು ಮೀಟರ್ ಅಗಲದ ಬಾವಿ. ಒಳಗಿಳಿದರೆ ಏಳೆಂಟು ಮೀಟರ್ ಆಳದಲ್ಲಿ ಒಂದು ಕಮಾನು ತೆರೆದುಕೊಂಡು ಹೊರಗಿನ ಸಮುದ್ರಕ್ಕೆ ದಾರಿ ಕೊಡುತ್ತದೆ. ಮೇಲಿನ ಕಮಾನು ಹೋದರೂ ಕೆಳಗಿನದು ಗಟ್ಟಿಯಾಗಿ ನಿಂತಿದೆ. ನನ್ನ ಮಟ್ಟಿಗೆ ಕೆಳಗಿನದೇ ಹೆಚ್ಚು ಚೆಂದ.

ಈಗ ಪುಟ್ಟೀ, ಹಣದ ಮಾತು. ಡೈವಿಂಗ್ ಶಾಲೆಯೊಂದನ್ನು ಬೇಕಾದರೆ ಗೊತ್ತು ಮಾಡಿಕೊ, ಆದರೆ ಜಾಗವನ್ನು ಗೊತ್ತು ಮಾಡಿಕೊಳ್ಳಬೇಡ. ಇಲ್ಲಿ ಯಾವ ಜಾಗದಲ್ಲಿ ನೀರಿಗಿಳಿಯಬೇಕೆಂದು ನಿರ್ಧರಿಸುವುದು ನೀನಲ್ಲ, ಶಾಲೆಯವರೂ ಅಲ್ಲ, ಗಾಳಿ. ಹೆಚ್ಚಾಗಿ ಬೀಸುವುದು ವಾಯವ್ಯದಿಂದ, ಅದಕ್ಕೆ ಇಲ್ಲಿಯವರು ಮಜ್ಜಿಸ್ತ್ರಾಲ್ ಎನ್ನುತ್ತಾರೆ. ಅದು ಜೋರಾದ ದಿನ ದ್ವೇಯ್ರಾದಲ್ಲೂ ಉತ್ತರ ತುದಿಯ ಚಿರ್ಕೆವ್ವಾದಲ್ಲೂ ಅಲೆ ಬಂಡೆಗೆ ಬಡಿಯುತ್ತಿರುತ್ತದೆ. ಅದೇ ಹೊತ್ತಿಗೆ ದಕ್ಷಿಣ ಕರಾವಳಿಯ ಆರ್ ಲಾಪ್ಸಿಯಲ್ಲಿ ಮಕ್ಕಳು ಹಾಯಾಗಿ ಆಡುತ್ತಿರುತ್ತಾರೆ. ಆಗ್ನೇಯದಿಂದ, ಅಂದರೆ ಆಫ್ರಿಕಾದ ಕಡೆಯಿಂದ ಷ್ಲೋಕ್ ಬೀಸಿದರೆ ಎಲ್ಲವೂ ತಿರುವುಮುರುವು. ಈಶಾನ್ಯದ ಗ್ರಿಗಾಲ್ ಚಳಿಗಾಲದ ಅತಿಥಿ, ನೀವು ಬರುವ ಹೊತ್ತಿಗೆ ಅದರ ಕಾಟ ಕಡಿಮೆ. ಮಾಲ್ಟಾದ ಉದ್ದ ಸುಮಾರು 27 ಕಿಲೋಮೀಟರ್, ಗೊಜೊದ್ದು ಅದರ ಅರ್ಧ. ಹಾಗಾಗಿ ಒಂದು ಮಗ್ಗುಲು ಕೆಟ್ಟರೆ ಇನ್ನೊಂದು ಮಗ್ಗುಲಿಗೆ ಕಾರಿನಲ್ಲಿ ಹೋಗಿ ಇಳಿಯುವುದು ಕಷ್ಟವೇನಲ್ಲ. ಡೈವ್‌ಗಳಲ್ಲಿ ಬಹುಪಾಲು ದೋಣಿಯಿಲ್ಲದೆ ದಡದ ಬಂಡೆಯಿಂದಲೇ ನಡೆಯುವುದರಿಂದ ಹೀಗೆ ಕೊನೆಯ ಗಳಿಗೆಯಲ್ಲಿ ಜಾಗ ಬದಲಿಸಲು ಸಾಧ್ಯ. ಯಾವ ಶಾಲೆಯವರು ವಾರದ ಮೊದಲೇ ‘ಗುರುವಾರ ದ್ವೇಯ್ರಾ ಖಚಿತ’ ಎನ್ನುತ್ತಾರೋ ಅವರ ಮೇಲೆ ನನಗೆ ನಂಬಿಕೆ ಕಡಿಮೆ. ‘ಹಿಂದಿನ ಸಂಜೆ ಗಾಳಿ ನೋಡಿ ಹೇಳುತ್ತೇವೆ’ ಎನ್ನುವವರನ್ನು ಹಿಡಿ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿರಾಶೆ ಬೇಡ. ಅಳಿಯಂದಿರು ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯಲ್ಲಿ ಮುಳುಗಿ ಬಂದವರು. ಅಲ್ಲಿ ಹವಳವಿದೆ, ಬಣ್ಣಬಣ್ಣದ ಮೀನಿನ ಹಿಂಡು ಮೂಗಿನ ಮುಂದೆಯೇ ಸುಳಿಯುತ್ತದೆ. ಆ ಸಂಭ್ರಮವನ್ನು ಇಲ್ಲಿ ಹುಡುಕಬೇಡಿ. ಮೀನುಗಳಿಲ್ಲವೆಂದಲ್ಲ, ಬಾರಾಕುಡಾ, ಗ್ರೂಪರ್, ಬಂಡೆಯ ಸಂದಿಯಲ್ಲಿ ಮೊರೆ ಹಾವುಮೀನು, ಅದೃಷ್ಟವಿದ್ದರೆ ಅಷ್ಟಪದಿ ಎಲ್ಲವೂ ಕಾಣುತ್ತವೆ, ಆದರೆ ದಟ್ಟಣೆ ಕಡಿಮೆ. ಅದಕ್ಕೆ ಬದಲಾಗಿ ಸಿಗುವುದು ನೀರಿನ ತಿಳಿ. ಒಳ್ಳೆಯ ದಿನ ಮೂವತ್ತು ಮೀಟರ್ ದೂರದ ಬಂಡೆಯೂ ಸ್ಪಷ್ಟ. ಎರಡಕ್ಕೂ ಕಾರಣ ಒಂದೇ. ಅಟ್ಲಾಂಟಿಕ್‌ನಿಂದ ಜಿಬ್ರಾಲ್ಟರ್ ಜಲಸಂಧಿಯ ಮೂಲಕ ಮೆಡಿಟರೇನಿಯನ್ನಿಗೆ ಒಳಬರುವುದು ಪೋಷಕಾಂಶ ಕಡಿಮೆಯಿರುವ ಮೇಲ್ಪದರದ ನೀರು, ತಳದ ಭಾರವಾದ ನೀರು ಹೊರಕ್ಕೆ ಹರಿದುಹೋಗುತ್ತದೆ. ಪೋಷಕಾಂಶವಿಲ್ಲದೆ ಪ್ಲಾಂಕ್ಟನ್ ಎಂಬ ತೇಲುವ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ, ಪ್ಲಾಂಕ್ಟನ್ ಇಲ್ಲದೆ ಮೀನು ತುಂಬುವುದಿಲ್ಲ, ನೀರೂ ಮಸುಕಾಗುವುದಿಲ್ಲ. ಮೇಲಾಗಿ ಮಾಲ್ಟಾದಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ, ಮಣ್ಣು ತಂದು ಸುರಿಯುವವರು ಯಾರು? ನಮ್ಮ ಶರಾವತಿ, ಕಾಳಿ ಮಳೆಗಾಲದಲ್ಲಿ ಸಮುದ್ರವನ್ನು ಕೆಂಪು ಮಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆದ್ದರಿಂದ ಇಲ್ಲಿ ನೋಡಬೇಕಾದದ್ದು ಕಲ್ಲು ಮತ್ತು ಬೆಳಕು, ಗುಹೆ, ಸುರಂಗ, ಮುಳುಗಿದ ಹಡಗು. ಹೌದು, ಉಪ್ಪೂ ಹೆಚ್ಚು: ಮಹಾಸಾಗರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇದ್ದರೆ ಇಲ್ಲಿ 38ರ ಹತ್ತಿರ. ಉಪ್ಪು ಹೆಚ್ಚಿದಷ್ಟೂ ನೀರು ಮೇಲಕ್ಕೆ ತೇಲಿಸುತ್ತದೆ, ಅಳಿಯಂದಿರು ನೇತ್ರಾಣಿಯಲ್ಲಿ ಮುಳುಗಲೆಂದು ಸೊಂಟಕ್ಕೆ ಕಟ್ಟಿದಷ್ಟೇ ಸೀಸ ಇಲ್ಲಿ ಸಾಲದಿರಬಹುದು, ಮೊದಲ ದಿನ ತೇಲಿಕೆ ಪರೀಕ್ಷಿಸಿಕೊಳ್ಳಲಿ.

ಭಾವ, ಈಗ ನಿಮ್ಮ ಕುರ್ಚಿ. ಕುರ್ಚಿ ಸಿಗುತ್ತದೆ, ಆದರೆ ನೀವು ಅದರಲ್ಲಿ ಕೂರುವುದು ನನಗೆ ಒಪ್ಪಿಗೆಯಿಲ್ಲ. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಹೇಳಿದವರು ನೀವು. ದಡದಿಂದ ಸ್ವಲ್ಪವೇ ಮುಂದೆ ಇರುವ ಪೊಸಿಡೋನಿಯಾವನ್ನು ನೋಡದೆ ಹಿಂತಿರುಗಿದರೆ ನಿಮ್ಮ ಹಳೆಯ ವಿದ್ಯಾರ್ಥಿಗಳು ಏನೆಂದಾರು? ಮೇಲಿನಿಂದ ನೋಡಿದವರು ಅದನ್ನು ಪಾಚಿ ಎಂದುಕೊಳ್ಳುತ್ತಾರೆ. ಪಾಚಿಯಲ್ಲ ಭಾವ, ಬೇರು, ಕಾಂಡ, ಎಲೆ, ಹೂವು, ಹಣ್ಣು ಎಲ್ಲವೂ ಇರುವ ಸಸ್ಯ. ನೆಲದಿಂದ ಮತ್ತೆ ಸಮುದ್ರಕ್ಕೆ ಮರಳಿದ ಕುಲದ್ದು. ಪೊಸಿಡೋನಿಯಾ ಓಷಿಯಾನಿಕಾ ಮೆಡಿಟರೇನಿಯನ್ ಬಿಟ್ಟು ಬೇರೆಲ್ಲೂ ಬೆಳೆಯುವುದಿಲ್ಲ. ನೀರು ಇಷ್ಟು ತಿಳಿಯಾಗಿರುವುದರಿಂದ ನಲವತ್ತು ಮೀಟರ್ ಆಳದವರೆಗೂ ಬೆಳಕು ಹಿಡಿದು ಬದುಕುತ್ತದೆ. ಹೂ ಬಿಡುವುದು ಶರತ್ಕಾಲದಲ್ಲಿ, ಅದೂ ಪ್ರತಿ ವರ್ಷವಲ್ಲ. ಹಣ್ಣು ಕಳಚಿಕೊಂಡು ಮೇಲೆ ತೇಲುತ್ತದೆ, ಇಟಲಿಯವರು ಅದನ್ನು ಸಮುದ್ರದ ಆಲಿವ್ ಎಂದು ಕರೆಯುತ್ತಾರೆ. ಕಾಂಡ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹರಡುತ್ತದೆ, ಆದ್ದರಿಂದ ಒಂದು ಲಂಗರು ಕಿತ್ತುಹಾಕಿದ ಜಾಗ ಮತ್ತೆ ತುಂಬಲು ದಶಕಗಳೇ ಬೇಕು. ದಡದಲ್ಲಿ ರಾಶಿ ಬೀಳುವ ಕಂದು ಎಲೆಗಳನ್ನು ನೋಡಿ ಪ್ರವಾಸಿಗರು ಗಲೀಜು ಎಂದು ಮೂಗು ಮುರಿಯುತ್ತಾರೆ. ಆ ರಾಶಿಯೇ ಚಳಿಗಾಲದ ಅಲೆಯಿಂದ ಮರಳನ್ನು ಕಾಯುವುದು. ಅಲೆ ಹಾದುಹೋದಾಗ ಅಷ್ಟೂ ಎಲೆಗಳು ಗಾಳಿಗೆ ಭತ್ತದ ಗದ್ದೆ ಬಾಗಿದಂತೆ ಒಟ್ಟಿಗೆ ಬಾಗಿ ಏಳುತ್ತವೆ. ಅದರ ನಡುವೆ ಪುಟ್ಟ ಮೀನುಗಳು ಅಡಗುವುದು, ಹೊರಬರುವುದು. ಇಷ್ಟನ್ನೂ ನೋಡಲು ಮುಳುಗಬೇಕಾಗಿಲ್ಲ, ಮುಖವನ್ನು ನೀರಿಗಿಟ್ಟರೆ ಸಾಕು.

ಅದಕ್ಕೆ ಏರ್ಪಾಡು ಹೀಗೆ. ಗೊಜೊದಲ್ಲಿ ಹೊಂಡೊ ಎಂಬ ಸಣ್ಣ ಕೊಲ್ಲಿಯಿದೆ, ಎದುರಿಗೆ ಕೊಮಿನೊ ಎಂಬ ಪುಟ್ಟ ದ್ವೀಪ ಕಾಣುತ್ತದೆ, ವಾಯವ್ಯದ ಗಾಳಿ ಅಲ್ಲಿಗೆ ತಾಗುವುದಿಲ್ಲ. ನಿಮಗೆ ಲೈಫ್ ಜಾಕೆಟ್ ತೊಡಿಸುತ್ತೇನೆ, ಮಾಸ್ಕ್ ಕಟ್ಟುತ್ತೇನೆ, ಪಕ್ಕದಲ್ಲಿ ಕೈ ಹಿಡಿದಿರುತ್ತೇನೆ. ಮೊದಲು ಸೊಂಟ ಮಟ್ಟದ ನೀರಿನಲ್ಲಿ ನಿಂತು, ಬಾಯಿಯಿಂದ ಉಸಿರಾಡುವುದನ್ನು ಅಭ್ಯಾಸ ಮಾಡೋಣ. ಮೀಸೆಯ ಕೆಳಗಿನಿಂದ ಮಾಸ್ಕ್ ಒಳಗೆ ನೀರು ಜಿನುಗುತ್ತದೆ, ಸ್ವಲ್ಪ ವ್ಯಾಸಲೀನ್ ಸವರಿದರೆ ನಿಲ್ಲುತ್ತದೆ. ಮೀಸೆ ತೆಗೆಯಿರಿ ಎನ್ನುವ ಧೈರ್ಯ ನನಗಿಲ್ಲ. ಆದರೆ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ನೀವು, ಹೊರಡುವ ಮುಂಚೆ ನಿಮ್ಮ ವೈದ್ಯರನ್ನು ಒಮ್ಮೆ ಕೇಳಿ. ಸ್ನಾರ್ಕೆಲಿಂಗ್ ಸುಲಭವೆಂದು ಕಂಡರೂ ತಣ್ಣೀರಿನಲ್ಲಿ ದಣಿವು ಹೃದಯಕ್ಕೆ ಹೊರೆಯೇ. ಸೆಪ್ಟೆಂಬರ್ ಕೊನೆಗೆ ನೀರು 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಬೇಸಿಗೆಯ ಬಿಸಿಯನ್ನು ಇನ್ನೂ ಹಿಡಿದಿಟ್ಟುಕೊಂಡಿರುತ್ತದೆ, ಆ ವಿಷಯದಲ್ಲಿ ಒಳ್ಳೆಯ ಹೊತ್ತನ್ನೇ ಆರಿಸಿದ್ದೀರಿ.

ಅಳಿಯಂದಿರೇ, ನೀವು ಬೇರೆಯಾಗಿ ಕಳಿಸಿದ ಸಂದೇಶವನ್ನೂ ನೋಡಿದೆ. ಉಮ್ ಎಲ್ ಫರೂದ್ ಎಂಬ ಮುಳುಗಿದ ಹಡಗನ್ನು ನೋಡಲೇಬೇಕು ಎಂದಿದ್ದೀರಿ. ನಿಮ್ಮ ಕೈಯಲ್ಲಿರುವುದು ಮೊದಲ ಹಂತದ ಓಪನ್ ವಾಟರ್ ಪ್ರಮಾಣಪತ್ರ, ಅದರ ಮಿತಿ 18 ಮೀಟರ್. ಆ ಹಡಗಿನ ತಳ ಸುಮಾರು 35 ಮೀಟರ್ ಆಳದಲ್ಲಿ ಕುಳಿತಿದೆ, ಮುಖ್ಯ ಡೆಕ್ಕೇ 25ರ ಹತ್ತಿರ. ಬಿಡುವುದಿಲ್ಲ, ಬಿಡುವವರು ಸಿಕ್ಕರೆ ಅವರ ಜೊತೆ ಹೋಗಬೇಡಿ. ನೋಡಲೇಬೇಕೆಂದಿದ್ದರೆ ಬಂದ ಮೊದಲೆರಡು ದಿನಗಳಲ್ಲಿ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿ, 30 ಮೀಟರಿನವರೆಗೆ ಅನುಮತಿ ಸಿಗುತ್ತದೆ. ಅದು ಸುಮ್ಮನೆ ಮುಳುಗಿಸಿದ ಹಡಗೂ ಅಲ್ಲ. 110 ಮೀಟರ್ ಉದ್ದದ ಲಿಬಿಯಾದ ಟ್ಯಾಂಕರ್. 1995ರ ಫೆಬ್ರವರಿಯಲ್ಲಿ ಇಲ್ಲಿನ ಹಡಗುಕಟ್ಟೆಯಲ್ಲಿ ದುರಸ್ತಿಗೆ ನಿಂತಿದ್ದಾಗ ಒಳಗೆ ಸ್ಫೋಟವಾಗಿ ಒಂಬತ್ತು ಮಂದಿ ಕಾರ್ಮಿಕರು ಸತ್ತರು. 1998ರಲ್ಲಿ ವೀದ್ ಇಜ್‌ಜುರ್ರೀ ಬಳಿ ಸಮುದ್ರಕ್ಕೆ ಇಳಿಸಿದರು, ಆಮೇಲಿನ ಬಿರುಗಾಳಿಯೊಂದು ಅದನ್ನು ಎರಡಾಗಿ ಮುರಿಯಿತು. ಸತ್ತವರ ನೆನಪಿನ ಫಲಕ ಅಲ್ಲಿದೆ. ಅಂಥ ಜಾಗದಲ್ಲಿ ಗೋಪ್ರೋ ಹಿಡಿದು ಹೆಬ್ಬೆರಳು ಎತ್ತಿ ಚಿತ್ರ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೀವು ಹಾಗೆ ಮಾಡುವವರಲ್ಲ, ಆದರೂ ಹೇಳಿದೆ.

ಈಗಿರುವ ಪ್ರಮಾಣಪತ್ರಕ್ಕೇ ತೃಪ್ತರಾದರೆ ರಾಜಧಾನಿ ವಲೆಟ್ಟಾದ ಕೋಟೆಯ ಬುಡದಲ್ಲೇ ಎಚ್‌ಎಂಎಸ್ ಮಾವೊರಿ ಇದೆ. ಜರ್ಮನ್ ಯುದ್ಧನೌಕೆ ಬಿಸ್ಮಾರ್ಕ್‌ನ ಬೇಟೆಯಲ್ಲಿ ಪಾಲ್ಗೊಂಡಿದ್ದ ಬ್ರಿಟಿಷ್ ಡಿಸ್ಟ್ರಾಯರ್, 1942ರಲ್ಲಿ ಬಂದರಿನಲ್ಲಿ ನಿಂತಿದ್ದಾಗಲೇ ಬಾಂಬಿಗೆ ಸಿಕ್ಕಿತು. ಉಳಿದ ಭಾಗ ಸುಮಾರು 14 ಮೀಟರಿನಲ್ಲಿ ಮರಳಿನಲ್ಲಿ ಹೂತಿದೆ. ನೀರು ಸ್ವಲ್ಪ ಮಸುಕು, ಆದರೆ ನಿಜವಾದ ಯುದ್ಧದ ಹಡಗು. ಚಿರ್ಕೆವ್ವಾದ ರೋಜಿ, ಪಿ29 ಎಂಬ ಹಡಗುಗಳೆರಡೂ ಪ್ರವಾಸಿಗರಿಗಾಗಿ ಬೇಕೆಂದೇ ಮುಳುಗಿಸಿದವು, ಅವೂ ಆಳದವೇ.

ಪುಟ್ಟಿಗೆ ಪ್ರಮಾಣಪತ್ರ ಇಲ್ಲದಿದ್ದರೂ ಪರವಾಗಿಲ್ಲ. ಒಂದು ದಿನದ ಪರಿಚಯದ ಡೈವ್ ಇರುತ್ತದೆ, ಶಿಕ್ಷಕರು ಜೊತೆಗಿದ್ದು 12 ಮೀಟರ್ ಮೀರದಂತೆ ಕರೆದೊಯ್ಯುತ್ತಾರೆ. ನೆನಪಿಡಬೇಕಾದದ್ದು ಎರಡು. ಉಸಿರನ್ನು ಎಂದೂ ಹಿಡಿದಿಡಬಾರದು. ಹತ್ತು ಮೀಟರಿಗೆ ಒತ್ತಡ ಇಮ್ಮಡಿಯಾಗಿರುತ್ತದೆ, ಅಲ್ಲಿ ತುಂಬಿದ ಗಾಳಿ ಮೇಲೇರುವಾಗ ಹಿಗ್ಗಿ ಶ್ವಾಸಕೋಶವನ್ನೇ ಹರಿದೀತು. ಕಿವಿಯನ್ನು ನೋವು ಬರುವ ಮೊದಲೇ, ಇಳಿಯಲು ಆರಂಭಿಸಿದ ಕೂಡಲೇ, ಮೂಗು ಹಿಡಿದು ಮೆಲ್ಲಗೆ ಊದಿ ಸಮ ಮಾಡಿಕೊಳ್ಳುತ್ತಿರಬೇಕು. ನೆಗಡಿಯಿದ್ದರೆ ಆ ದಿನ ಇಳಿಯುವ ಮಾತೇ ಇಲ್ಲ. ಶಾಲೆಯವರು ಆರೋಗ್ಯದ ಪ್ರಶ್ನೆಪತ್ರ ಕೊಡುತ್ತಾರೆ, ಅದರಲ್ಲಿ ಆಸ್ತಮಾ ಇದೆಯೇ ಎಂದು ಕೇಳುತ್ತಾರೆ. ಪುಟ್ಟೀ, ಚಿಕ್ಕಂದಿನಲ್ಲಿ ನಿನಗಿದ್ದ ಉಬ್ಬಸ ಎಲ್ಲರಿಗೂ ನೆನಪಿದೆ. ಹೌದು ಎಂದೇ ಬರೆ, ಊರಿನಲ್ಲೇ ವೈದ್ಯರಿಗೆ ತೋರಿಸಿ ಸಹಿ ಹಾಕಿಸಿಕೊಂಡು ಬಾ. ಇಲ್ಲಿಗೆ ಬಂದ ಮೇಲೆ ವೈದ್ಯರನ್ನು ಹುಡುಕುತ್ತಾ ರಜೆ ಕಳೆಯುವುದು ಬೇಡ. ಅವರು ಬೇಡವೆಂದರೆ ಸ್ನಾರ್ಕೆಲಿಂಗ್ ಇದೆ, ಅಪ್ಪನ ಜೊತೆ ಗದ್ದೆ ನೋಡು. ಪ್ರವಾಸದ ವಿಮೆಯಲ್ಲಿ ಡೈವಿಂಗ್ ಸೇರಿದೆಯೇ ಎಂದೂ ಓದಿ ನೋಡಿ, ಅನೇಕ ಪಾಲಿಸಿಗಳಲ್ಲಿ ಸೇರಿರುವುದಿಲ್ಲ.

ಅಕ್ಕಾ, ನೀನು ಒಂದು ಮಾತೂ ಆಡಿಲ್ಲ, ಅಂದರೆ ಹೆದರಿದ್ದೀಯ ಎಂದರ್ಥ. ಶಾರ್ಕ್ ಚಿಂತೆ ಬಿಡು. ಚಿಂತಿಸಬೇಕಾದದ್ದು ನೇರಳೆ ಬಣ್ಣದ ಸಣ್ಣ ಲೋಳೆಮೀನಿನ ಬಗ್ಗೆ, ಗಾಳಿ ಅದನ್ನು ಕೊಲ್ಲಿಗೆ ತಳ್ಳಿದ ದಿನ ನಾವು ಇಳಿಯುವುದೇ ಇಲ್ಲ. ಚುಚ್ಚಿದರೆ ಸಮುದ್ರದ ನೀರಿನಲ್ಲೇ ತೊಳೆಯಬೇಕು, ಉಜ್ಜಬಾರದು. ಬಂಡೆಯ ಮೇಲೆ ಬಿಳಿ ಕೂದಲಿನ ಕೆಂಪು ಹುಳು ಕಂಡರೆ ಮುಟ್ಟಬೇಡಿ, ಕೂದಲು ಚರ್ಮದಲ್ಲಿ ಮುರಿದುಕೊಂಡು ಉರಿಯುತ್ತದೆ. ಬಂಡೆಗೆ ಅಂಟಿಕೊಂಡಿರುವ ಮುಳ್ಳುಚೆಂಡಿನಂಥ ಕಡಲಮುಳ್ಳು (ಸೀ ಅರ್ಚಿನ್) ಕಾಲಿಗೆ ಚುಚ್ಚದಂತೆ ಎಲ್ಲರೂ ರಬ್ಬರ್ ಬೂಟು ತನ್ನಿ, ಚಪ್ಪಲಿ ಸಾಲದು, ಇಲ್ಲಿನ ಸುಣ್ಣಕಲ್ಲು ಅಷ್ಟು ಹರಿತ.

ಕೊಮಿನೊದ ಬ್ಲೂ ಲಗೂನ್ ಬೇಕೇ ಬೇಕೆಂದು ಯಾರಾದರೂ ಹಟ ಹಿಡಿಯುತ್ತೀರಿ, ಗೊತ್ತು. 2025ರಿಂದ ಅಲ್ಲಿಗೆ ಮೊದಲೇ ನೋಂದಾಯಿಸಿಕೊಳ್ಳಬೇಕು, ಅಷ್ಟು ಜನ. ನೀರಿನ ಬಣ್ಣ ನಿಜಕ್ಕೂ ಹಾಗೆಯೇ ಇದೆ, ಆದರೆ ನೀರಿಗಿಂತ ಛತ್ರಿಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ. ಅದೇ ದ್ವೀಪದ ಇನ್ನೊಂದು ಬದಿಯ ಸಾಂತಾ ಮರೀಯಾ ಗುಹೆಗಳು ನನಗೆ ಮೇಲು, ಅಲ್ಲಿಗೆ ದೋಣಿಯಲ್ಲಿ ಹೋಗಬೇಕು.

ಕೊನೆಗೆ ಒಂದು ಕೆಲಸ ಹಚ್ಚುತ್ತೇನೆ. ಹಿಂತಿರುಗುವ ವಿಮಾನ ಯಾವ ದಿನ, ಎಷ್ಟು ಗಂಟೆಗೆಂದು ಇವತ್ತೇ ಗುಂಪಿನಲ್ಲಿ ಹಾಕಿ. ಹಲವು ದಿನ ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತುವಂತಿಲ್ಲ, ದೇಹದಲ್ಲಿ ಕರಗಿದ ಸಾರಜನಕ ಎತ್ತರದಲ್ಲಿ ಗುಳ್ಳೆಯಾಗುತ್ತದೆ. ಹಾಗಾಗಿ ಕೊನೆಯ ದಿನವನ್ನು ಅಕ್ಕನಿಗೆ ಬಿಟ್ಟುಕೊಡಿ: ಹಜಾರ್ ಇಮ್ ಎಂಬ ಐದು ಸಾವಿರ ವರ್ಷಗಳಿಗಿಂತ ಹಳೆಯ ಕಲ್ಲಿನ ಗುಡಿಗಳಿಗೆ ಹೋಗೋಣ. ಅಳಿಯಂದಿರು ಆ ದಿನ ಕ್ಯಾಮೆರಾ ಹಿಡಿಯಲಿ, ಭಾವ ಚೀಲ ಹೊರಲಿ.