ಅಪ್‌ಡೇಟ್: ಹುಂಜಗಳನ್ನು ಬೇರೆ ಮಾಡಿದ ಮೇಲೆ

ಹತ್ತು ಹೇಂಟೆಗೆ ನಾಲ್ಕು ಹುಂಜ ಇವೆ, ಹೇಂಟೆಗಳ ಬೆನ್ನಿನ ಪುಕ್ಕವೆಲ್ಲ ಕಿತ್ತುಹೋಗಿದೆ, ಬೇಡದ ಮರಿಗಳು ಬೇರೆ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕತೆ.

ಎರಡು ಹುಂಜ ಊರಹಬ್ಬಕ್ಕಾದವು. ಒಂದನ್ನು ಪಕ್ಕದ ತೋಟದವರು ತಗೊಂಡರು. ಉಳಿದ ಹುಂಜ ಗಿರಿರಾಜನಿಗೆ ಬೇರೆ ಗೂಡು, ನಡುವೆ ಜಾಲರಿ.

ನೀವು ಹೇಳಿದ್ದು ನಿಜ: ಹುಂಜ ತೆಗೆದ ಮಾರನೇ ದಿನವೇ ಮೊಟ್ಟೆ ಬರಡಾಗಲ್ಲ, ಹುಂಜದ ವೀರ್ಯ ಹೇಂಟೆಯೊಳಗೆ ಎರಡು-ಮೂರು ವಾರ ಉಳಿಯುತ್ತೆ. ಹಾಗಾಗಿ ದಿನಾ ಸಂಜೆಯೊಳಗೆ ಮೊಟ್ಟೆ ಎತ್ತಿಬಿಡ್ತೀನಿ. ಕಾವಿಲ್ಲದೆ ಮರಿ ಬೆಳೆಯಲ್ಲವಲ್ಲ. ಒಂದು ಹೇಂಟೆ ಮಾತ್ರ ಖಾಲಿ ಬುಟ್ಟಿಯಲ್ಲೇ ಕಾವಿಗೆ ಕೂತಿತ್ತು, ಹತ್ತಿರ ಹೋದರೆ ಕುಕ್ಕೋದು. ಕಾವು ಬಿಡಿಸೋಕೆ ಅದನ್ನೀಗ ತಳದಲ್ಲಿ ಗಾಳಿಯಾಡುವ ತಂತಿ ಪಂಜರಕ್ಕೆ ಹಾಕಿ, ನೀರು-ಕಾಳು ಇಟ್ಟಿದ್ದೀನಿ.

ಹುಂಜ ಇಲ್ಲದಿದ್ದರೆ ಮೊಟ್ಟೆ ನಿಲ್ಲುತ್ತೆ ಅಂತ ಅಮ್ಮ ಹೆದರಿಸಿದ್ದರು. ಎಂದಿನಂತೆ ಇಡ್ತಿವೆ. ಪುಕ್ಕ ಮಾತ್ರ ತಡ, ಮುರಿದ ಬುಡ ಉದುರಿದ ಮೇಲೇ ಹೊಸದು ಬರಬೇಕು.