ಕರ್ಪೂರದ ಗಂಟು ಮತ್ತು ಲಸಿಕೆಯ ದಿನ: ಎರಡು ವಾಟ್ಸ್‌ಆ್ಯಪ್ ಸಂದೇಶಗಳ ಬಗ್ಗೆ ವೈದ್ಯರಿಗೆ ಪ್ರಶ್ನೆ

ಪ್ರಶ್ನೆ (ಗೃಹಿಣಿ, ಹಾವೇರಿ ಜಿಲ್ಲೆ, ಮೇ 2021):
ನಮಸ್ಕಾರ ಡಾಕ್ಟರ್. ನಮ್ಮ ಮನೆಯಲ್ಲಿ ಅತ್ತೆ, ಮಾವ, ಯಜಮಾನರು ಮತ್ತು ನಾಲ್ಕು ವರ್ಷದ ಮಗ ಇದ್ದಾರೆ; ಈ ಕೋವಿಡ್ ಸಮಯದಲ್ಲಿ ಯಾರಿಗೆ ಕೆಮ್ಮು ಬಂದರೂ ಏನು ಮಾಡಬೇಕೆಂದು ನನ್ನನ್ನೇ ಕೇಳುತ್ತಾರೆ. ಕರ್ಪೂರ, ಲವಂಗ ಮತ್ತು ಅಜವಾನವನ್ನು ಬಟ್ಟೆಯಲ್ಲಿ ಕಟ್ಟಿ ಮೂಸಿದರೆ ರಕ್ತದಲ್ಲಿ ಆಮ್ಲಜನಕ ಏರುತ್ತದೆ ಎಂಬ ಸಂದೇಶ ನೋಡಿ ಅತ್ತೆಯವರು ಎಲ್ಲರಿಗೂ ಆ ಗಂಟು ಕೊಡುತ್ತಿದ್ದಾರೆ. ಮುಟ್ಟಿನ ಐದು ದಿನ ಮೊದಲು ಮತ್ತು ಐದು ದಿನ ನಂತರ ಕೋವಿಡ್ ಲಸಿಕೆ ಬೇಡವೆಂಬ ಇನ್ನೊಂದು ಸಂದೇಶ ಓದಿ, ನನಗೆ ಸಿಕ್ಕಿದ್ದ ಲಸಿಕೆಯ ದಿನವನ್ನು ನಾನೇ ಬಿಟ್ಟುಬಿಟ್ಟೆ. ಎರಡರಲ್ಲೂ ವೈದ್ಯರ ಹೆಸರಿತ್ತು. ನಿಜ ಯಾವುದೆಂದು ತಿಳಿಯುವುದು ಹೇಗೆ?

ಉತ್ತರ (ಕುಟುಂಬ ವೈದ್ಯೆ):
ಎರಡೂ ಸುಳ್ಳು. ಮುಟ್ಟಿನ ದಿನಗಳಲ್ಲಿ ಲಸಿಕೆ ಹಾಕಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಆ ಸಂದೇಶ ಸುಳ್ಳೆಂದು ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಸಂಸ್ಥೆ (ಪಿಐಬಿ) 2021ರ ಏಪ್ರಿಲ್‌ನಲ್ಲೇ ತಿಳಿಸಿದೆ. ಮತ್ತೆ ದಿನ ಸಿಕ್ಕರೆ ತಪ್ಪದೆ ಹೋಗಿ. ಕರ್ಪೂರದ ವಾಸನೆಯಿಂದ ಮೂಗು ತಂಪಾಗಿ ಉಸಿರು ಸರಾಗವಾದಂತೆ ಅನಿಸುತ್ತದೆಯೇ ಹೊರತು ರಕ್ತದ ಆಮ್ಲಜನಕ ಹೆಚ್ಚುವುದಿಲ್ಲ. ಮಗ ಅದನ್ನು ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರಬಹುದು, ಆದ್ದರಿಂದ ಗಂಟನ್ನು ಇಂದೇ ಅವನ ಕೈಗೆ ಸಿಗದಂತೆ ಇಡಿ.

ವೈದ್ಯರ ಹೆಸರನ್ನು ಯಾರು ಬೇಕಾದರೂ ಬರೆಯಬಹುದು. ಸಂದೇಶ ಓದಿದಾಗ, ಇದು ಸುಳ್ಳಾದರೆ ನಮ್ಮ ಮನೆಯವರಿಗೆ ಏನು ನಷ್ಟ ಎಂದು ಮೊದಲು ಕೇಳಿಕೊಳ್ಳಿ. ಶುಂಠಿ ಕಷಾಯ ಕುಡಿಯಿರಿ ಎಂಬ ಮಾತಿಗೆ ಅತ್ತೆಯವರೊಂದಿಗೆ ವಾದ ಬೇಕಿಲ್ಲ. ಆದರೆ ಲಸಿಕೆಯನ್ನೋ ದಿನನಿತ್ಯದ ಮಾತ್ರೆಯನ್ನೋ ಬಿಡಿಸುವ, ಆಸ್ಪತ್ರೆಗೆ ಹೋಗುವುದನ್ನು ತಡಮಾಡಿಸುವ ಯಾವ ಮಾತನ್ನೂ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಅಥವಾ 104 ಆರೋಗ್ಯ ಸಹಾಯವಾಣಿಯನ್ನು ಕೇಳದೆ ಪಾಲಿಸಬೇಡಿ.

ಮರುಪ್ರಶ್ನೆ:
ನಿನ್ನೆ ಮಾವನವರು ಹೊಲದಿಂದ ಬಂದು ಕೈಕಾಲು ತೊಳೆದ ಕೂಡಲೇ, ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ 91 ತೋರಿಸಿತು. ಗಂಟು ಮೂಸಿದ ಮೇಲೆ 96 ಆಯಿತು. ಅತ್ತೆಯವರಿಗೆ ಅದೇ ಸಾಕ್ಷಿಯಾಗಿದೆ.

ಉತ್ತರ:
ಅವರು ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯಬೇಡಿ. ಬೆರಳು ಒದ್ದೆಯಾಗಿ ತಣ್ಣಗಿದ್ದರೆ ಆ ಯಂತ್ರ ಸರಿಯಾಗಿ ಓದುವುದಿಲ್ಲ. ಮೂಸುತ್ತ ಕುಳಿತ ಹೊತ್ತಿನಲ್ಲಿ ಬೆರಳು ಬೆಚ್ಚಗಾಗಿ ಅಂಕಿ ಸರಿಹೋಗಿರಬಹುದು. ಇಂದು ಸಂಜೆ ಅತ್ತೆಯವರ ಎದುರಿನಲ್ಲೇ, ಗಂಟು ಕೊಡದೆ, ಮಾವನವರನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಬೆರಳು ಒರೆಸಿ ಉಜ್ಜಿ, ಅಂಕಿ ಒಂದು ನಿಮಿಷ ಅಲುಗಾಡದೆ ನಿಂತ ಮೇಲೆ ಬರೆದುಕೊಳ್ಳಿ. ಹೀಗೆ ಅಳೆದಾಗಲೂ 94ಕ್ಕಿಂತ ಕಡಿಮೆ ಬಂದರೆ, ಬೇರೆ ಬೆರಳಿನಲ್ಲಿ ಒಮ್ಮೆ ನೋಡಿ, ಆಗಲೂ ಏರದಿದ್ದರೆ ಬೆಳಗಾಗುವವರೆಗೆ ಕಾಯದೆ ವೈದ್ಯರ ಬಳಿಗೆ ಕರೆದೊಯ್ಯಿರಿ.