ಸ್ಲಡ್ಜ್‌ಗೆ ‘ಹೆಪ್ಪು’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನಾನು ಕಾಸರಗೋಡಿನ ಪೆರ್ಲದ ಕಡೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಈಗ ಪರಿಸರ ವಿಜ್ಞಾನದಲ್ಲಿ ಎಂಎಸ್ಸಿ ಮಾಡುತ್ತಿದ್ದೇನೆ. ನಾನು ಕಲಿತ ಶಾಲೆಯ ಟೀಚರ್ ಒಬ್ಬರು, ಕೊಳಚೆ ನೀರು ಹೇಗೆ ಶುದ್ಧವಾಗುತ್ತದೆ ಎಂದು ಮಕ್ಕಳಿಗೆ ಕನ್ನಡದಲ್ಲಿ ಹೇಳಿಕೊಡು ಎಂದು ಕರೆದಿದ್ದಾರೆ. ಖುಷಿಯಿಂದ ಒಪ್ಪಿದೆ. ಬರೆಯಲು ಕುಳಿತರೆ ಮೊದಲ ಪುಟದಲ್ಲೇ ಒಂದು ಪದಕ್ಕೆ ಸಿಕ್ಕಿಕೊಂಡೆ. ಅದು ‘ಸ್ಲಡ್ಜ್’, ಕೊಳಚೆ ನೀರು ಶುದ್ಧವಾಗುವಾಗ ತಳಕ್ಕಿಳಿಯುವ ಮಂದ ಪದರ.

ಪುಸ್ತಕಗಳಲ್ಲಿ ‘ಕೆಸರು’ ಎಂದಿದೆ. ಗಾಳಿ ಊದಿ ಜೀವಿಗಳನ್ನು ಬೆಳೆಸಿದ ಸ್ಲಡ್ಜ್, ಅಂದರೆ ‘ಆಕ್ಟಿವೇಟೆಡ್ ಸ್ಲಡ್ಜ್’ ಎಂಬುದಕ್ಕೆ ‘ಕ್ರಿಯಾಶೀಲ ಕೆಸರು’. ಆದರೆ ನಮ್ಮ ಕಡೆ ಕೆಸರು ಎಂದರೆ ಗದ್ದೆಯ ಕೆಸರು. ಉತ್ತು, ಹದ ಮಾಡಿ, ನೇಜಿ ನೆಡುವ ಮಣ್ಣು. ಆಟಿ ತಿಂಗಳು ಬಂದರೆ ಊರೂರಲ್ಲಿ ‘ಕೆಸರ್‌ಡೊಂಜಿ ದಿನ’ ಮಾಡಿ, ಮಕ್ಕಳು ಮುದುಕರೆನ್ನದೆ ಎಲ್ಲರೂ ಅದರಲ್ಲಿ ಓಡಿ ಆಡುತ್ತಾರೆ. ಆ ಮಕ್ಕಳ ಮುಂದೆ ನಿಂತು ‘ಇದು ಕಕ್ಕಸಿನ ನೀರಿನ ಕೆಸರು’ ಎಂದರೆ ಅವರ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ, ಅಲ್ವಾ? ಹೂಳು ಎನ್ನೋಣ ಎಂದರೆ, ಅದು ಕೆರೆಯಿಂದಲೋ ಮದಕದಿಂದಲೋ ಬೇಸಗೆಯಲ್ಲಿ ಎತ್ತಿ ಹಾಕುವ ಮಣ್ಣು. ಗಸಿ ಎಂಬುದು ಸರಿಯಾದ ಹಳೆಯ ಪದ. ಎಣ್ಣೆಯ ತಳದಲ್ಲಿ ನಿಲ್ಲುತ್ತದಲ್ಲ, ಅದು. ಆದರೆ ತುಳುನಾಡಿನಲ್ಲಿ ಗಸಿ ಎಂದರೆ ಊಟದ ಗಸಿ. ಕೋಳಿ ಗಸಿ, ಕಡ್ಲೆ ಗಸಿ. ಮಧ್ಯಾಹ್ನದ ಊಟಕ್ಕೆ ಮುಂಚೆ ಆ ಪದವನ್ನು ಪಾಠದಲ್ಲಿ ತರಲು ಮನಸ್ಸು ಬರುವುದಿಲ್ಲ. ಉಳಿಯುವುದು ಮಡ್ಡಿ. ಇದು ನನಗೆ ಅರ್ಧ ಒಪ್ಪಿಗೆ. ಅರ್ಧ ಯಾಕೆ ಎಂದರೆ, ಈ ಸ್ಲಡ್ಜ್ ಎನ್ನುವುದು ಸುಮ್ನೆ ತಳಕ್ಕೆ ಕೂತ ಕಸ ಅಲ್ಲ. ಅದಕ್ಕೆ ಜೀವ ಇದೆ.

ಕಳೆದ ತಿಂಗಳು ಒಂದು ಶುದ್ಧೀಕರಣ ಘಟಕದಲ್ಲಿ ಹದಿನೈದು ದಿನ ತರಬೇತಿಗೆ ಹೋಗಿದ್ದೆ. ಅಲ್ಲಿನ ಆಪರೇಟರ್ ಮಲಯಾಳಿ, ನಾವೆಲ್ಲ ಅವರನ್ನು ಏಟ್ಟ (ಅಣ್ಣ) ಎಂದೇ ಕರೆಯುತ್ತಿದ್ದೆವು. ಬೆಳಿಗ್ಗೆ ಬಂದ ಕೂಡಲೇ ಗಾಳಿ ಊದುವ ತೊಟ್ಟಿಯಿಂದ ಒಂದು ಲೀಟರ್ ನೀರನ್ನು ಗಾಜಿನ ಅಳತೆ ಕೊಳವೆಗೆ ತುಂಬಿ, ಅರ್ಧ ಗಂಟೆ ಅಲುಗಿಸದೆ ಇಡುತ್ತಿದ್ದರು. ಮೊದಲು ಎಲ್ಲ ಒಂದೇ ಕಂದು ಬಣ್ಣ, ಕಾಫಿಯ ಹಾಗೆ. ಐದು ನಿಮಿಷದಲ್ಲಿ ಹತ್ತಿಯಂಥ ಸಣ್ಣ ಸಣ್ಣ ಎಸಳುಗಳು ಒಂದಕ್ಕೊಂದು ಅಂಟಿಕೊಂಡು ಕೆಳಗಿಳಿಯುತ್ತವೆ. ಮೇಲೆ ತಿಳಿನೀರು. ಆ ಕಂದು ಪದರ 250 ಮಿಲಿಲೀಟರ್ ಗೆರೆಯ ಹತ್ತಿರ ನಿಂತರೆ ಏಟ್ಟನಿಗೆ ಸಮಾಧಾನ. ‘ಚೆಳಿ ನನ್ನಾಯಿಟ್ಟುಂಡ್’ (ಕೆಸರು ಚೆನ್ನಾಗಿದೆ) ಎನ್ನುತ್ತಿದ್ದರು. ಮೂಗಿನ ಹತ್ತಿರ ಹಿಡಿದು ನೋಡಿದೆ. ಹಸಿ ಮಣ್ಣಿನ ವಾಸನೆ ಅಷ್ಟೇ, ನಾತ ಇಲ್ಲ. ಕರೆಂಟ್ ಹೋಗಿ ಬ್ಲೋವರ್ ತುಂಬಾ ಹೊತ್ತು ನಿಂತರೆ ಮಾತ್ರ ಅದೇ ವಸ್ತು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಾಳಿ ಇಲ್ಲದೆ ಅದರಲ್ಲಿರುವ ಒಳ್ಳೆಯ ಜೀವಿಗಳು ಸಾಯುತ್ತವೆ, ಗಾಳಿ ಬೇಡದವು ಹೆಚ್ಚುತ್ತವೆ.

ಘಟಕದ ಮುಂದಿನ ತೊಟ್ಟಿಯಲ್ಲಿ ಹೀಗೆಯೇ ತಳಕ್ಕಿಳಿದ ಪದರದ ಹೆಚ್ಚಿನ ಪಾಲನ್ನು ಮತ್ತೆ ಗಾಳಿ ಊದುವ ತೊಟ್ಟಿಗೇ ಪಂಪ್ ಮಾಡುತ್ತಾರೆ. ಹೊಸದಾಗಿ ಬರುವ ಕೊಳಚೆಯನ್ನು ತಿನ್ನಲು ಆ ಜೀವಿಗಳೇ ಬೇಕು. ಬೆಳೆದು ಜಾಸ್ತಿಯಾದ ಸ್ವಲ್ಪ ಪಾಲನ್ನು ಮಾತ್ರ ಹೊರಗೆ ತೆಗೆದು ಒಣಗಿಸುತ್ತಾರೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಕಂಡುಕೊಂಡದ್ದು ಇದನ್ನೇ. ಕೊಳಚೆಗೆ ಗಾಳಿ ಊದುವುದು ಅದಕ್ಕೂ ಮೊದಲೇ ಗೊತ್ತಿತ್ತು. ಆದರೆ ಅದು ಶುದ್ಧವಾಗಲು ವಾರಗಟ್ಟಲೆ ಬೇಕಾಗುತ್ತಿತ್ತು. ತಳದಲ್ಲಿ ಉಳಿದದ್ದನ್ನು ಚೆಲ್ಲದೆ, ಅದರ ಮೇಲೆಯೇ ಹೊಸ ಕೊಳಚೆ ಸುರಿದು ಮತ್ತೆ ಮತ್ತೆ ಗಾಳಿ ಊದುತ್ತಾ ಹೋದಾಗ ಅದೇ ಕೆಲಸ ಒಂದು ದಿನದೊಳಗೆ ಮುಗಿಯಿತು.

ಇದನ್ನು ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಆಗ ಹಾಲಿಗೆ ಮಜ್ಜಿಗೆ ಬಿಡುತ್ತಿದ್ದರು. ‘ಹಾಗಾದರೆ ನಾಳೆಗೆ ಅಂತ ಒಂದು ಸೌಟು ಉಳಿಸಿಕೊಳ್ಳುವುದಲ್ವಾ, ಹೆಪ್ಪಿಗೆ?’ ಎಂದರು. ನನಗೆ ಒಂದು ಸೆಮಿಸ್ಟರ್ ಹಿಡಿದದ್ದು ಅಮ್ಮನಿಗೆ ಅರ್ಧ ನಿಮಿಷದಲ್ಲಿ ಅರ್ಥವಾಯಿತು.

ಅಂದಿನಿಂದ ಈ ಪದ ನನ್ನ ತಲೆಯಲ್ಲಿ ಕೂತಿದೆ. ತಿರುಗಿ ತೊಟ್ಟಿಗೆ ಹೋಗುವುದು ಹೆಪ್ಪು, ಹೊರಗೆ ಹಾಕುವುದು ಮಡ್ಡಿ. ಇಂಗ್ಲಿಷಿನಲ್ಲಿ ಎರಡಕ್ಕೂ ಸ್ಲಡ್ಜ್ ಎಂದು ಹೇಳಿ, ಮುಂದೆ ಒಂದೊಂದು ವಿಶೇಷಣ ಹಚ್ಚಬೇಕು. ನಮ್ಮಲ್ಲಿ ಎರಡು ಬೇರೆ ಪದ ಇದ್ದರೆ ಮಗುವಿಗೆ ಕೆಲಸವೇ ಗೊತ್ತಾಗುತ್ತದೆ.

ಇದಕ್ಕೆ ಒಂದು ತೊಡಕು ಇದೆ, ನಾನೇ ಹೇಳಿಬಿಡುತ್ತೇನೆ. ಕುಡಿಯುವ ನೀರಿಗೆ ಪಟಿಕ ಹಾಕಿ ಕೊಳೆಯನ್ನು ಒಟ್ಟುಗೂಡಿಸುವುದಕ್ಕೆ ‘ಹೆಪ್ಪುಗಟ್ಟಿಸುವುದು’ ಎಂದು ಬರೆಯುವ ರೂಢಿ ಇದೆ. ಅಲ್ಲಿ ಜೀವಿಗಳ ಕೆಲಸ ಇಲ್ಲ. ಒಂದೇ ಪಾಠದಲ್ಲಿ ಎರಡೂ ಬಂದರೆ ಗೊಂದಲ ಆದೀತೇ? ಗೊಂದಲ ಆಗುವುದಾದರೆ ಪಟಿಕದ ಕೆಲಸಕ್ಕೆ ಬೇರೆ ಪದ ಹುಡುಕುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಹೆಪ್ಪು ಎಂಬ ಹೆಸರು ಜೀವ ಇರುವುದಕ್ಕೇ ಸಲ್ಲಬೇಕು. ಹೆಪ್ಪಿನ ಬದಲು ‘ಬೀಜದ ಕೆಸರು’ ಎನ್ನಬಹುದು ಎಂದು ಗೆಳತಿಯೊಬ್ಬಳು ಹೇಳಿದಳು. ಆದರೆ ನಮ್ಮೂರಲ್ಲಿ ಬರೀ ಬೀಜ ಎಂದರೆ ಗೇರುಬೀಜ.

ಇನ್ನೊಂದು ಪದ ‘ಪರಿಹಾರ’. ವಿಷ ಬಿದ್ದ ಮಣ್ಣನ್ನು ಸೂಕ್ಷ್ಮಜೀವಿಗಳಿಂದ, ಗಿಡಗಳಿಂದ ಸರಿಪಡಿಸುವುದಕ್ಕೆ ‘ಜೈವಿಕ ಪರಿಹಾರ’ ಎಂದು ಓದಿದೆ. ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಈ ಪದವನ್ನು ನಾನು ಬಾಯಲ್ಲಿ ಹೇಳಲಾರೆ. ಇಲ್ಲಿನ ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. 2017ರಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ಇಲ್ಲಿ ಪರಿಹಾರ ಎಂದರೆ ಆ ದುಡ್ಡು, ಅದಕ್ಕಾಗಿ ಅಲೆದ ಕಚೇರಿಗಳು, ಹಾಸಿಗೆ ಹಿಡಿದ ಮಕ್ಕಳನ್ನು ನೋಡಿಕೊಂಡ ತಾಯಂದಿರು. ಮಣ್ಣಿನ ಕೆಲಸಕ್ಕೆ ‘ವಿಷ ಇಳಿಸುವುದು’ ಎಂದರೆ ಹೇಗೆ? ಹಾವು ಕಚ್ಚಿದಾಗ ಹೇಳುವ ಮಾತು. ‘ಮಣ್ಣಿನ ವಿಷ ಇಳಿಸುವುದು’ ಎಂದರೆ ಬಿಡಿಸಿ ಹೇಳುವ ಅಗತ್ಯವೇ ಇಲ್ಲ.

ಕೊನೆಯದು ‘ಲೈಫ್ ಸೈಕಲ್ ಅಸೆಸ್‌ಮೆಂಟ್’. ‘ಜೀವನಚಕ್ರ’ ಎಂದ ಕೂಡಲೇ ಮಕ್ಕಳಿಗೆ ಕಪ್ಪೆ, ಸೊಳ್ಳೆಯ ಚಿತ್ರಪಟ ನೆನಪಾಗುತ್ತದೆ. ಇದು ಒಂದು ವಸ್ತು ಕಚ್ಚಾ ಮಾಲಾಗಿದ್ದಾಗಿನಿಂದ ಕಸವಾಗುವವರೆಗೆ ಎಷ್ಟು ನೀರು, ಕರೆಂಟು, ಹೊಗೆ ಎಂದು ಕೂಡಿಸುವ ಲೆಕ್ಕ. ಅಡಿಕೆ ಹಾಳೆಯ ತಟ್ಟೆಯನ್ನೇ ಉದಾಹರಣೆ ಕೊಡುತ್ತೇನೆ. ಹಾಳೆ ತಾನಾಗಿ ಬೀಳುತ್ತದೆ. ಆದರೆ ತೊಳೆದು ನೆನೆಸುವ ನೀರು, ಬಿಸಿ ಅಚ್ಚಿನ ಕರೆಂಟು, ದೂರದ ಪೇಟೆಗೆ ಸಾಗಿಸುವ ಲಾರಿಯ ಡೀಸೆಲ್ ಎಲ್ಲ ಸೇರಬೇಕು. ಮತ್ತೆ ಮತ್ತೆ ಬಳಸುವ ಸ್ಟೀಲ್ ತಟ್ಟೆಯ ಜೊತೆ ಹೋಲಿಸುವಾಗ ತಟ್ಟೆಗೆ ತಟ್ಟೆ ಇಡುವಂತಿಲ್ಲ, ‘ನೂರು ಜನರ ಒಂದು ಊಟ’ ಎಂದು ಇಟ್ಟುಕೊಂಡು ಹೋಲಿಸಬೇಕು. ‘ಪೂರ್ತಿ ಬಾಳಿನ ಲೆಕ್ಕ’ ಎಂದು ಬರೆದಿದ್ದೇನೆ. ಇದಕ್ಕಿಂತ ಚಿಕ್ಕದು ಸಿಕ್ಕರೆ ತಿಳಿಸಿ.

ಪಾಠ ಮುಂದಿನ ಶನಿವಾರ. ಹೆಪ್ಪು ಎಂಬುದಕ್ಕೆ ನಿಮ್ಮ ಒಪ್ಪಿಗೆಯೋ ಆಕ್ಷೇಪವೋ, ಶುಕ್ರವಾರದೊಳಗೆ ಬರೆಯಿರಿ. ಹಾಗೆಯೇ ಗಾಣದ ಎಣ್ಣೆಯ ಅಡಿಯಲ್ಲಿ, ಕಳ್ಳಿನ ಮಡಕೆಯ ಅಡಿಯಲ್ಲಿ ಉಳಿಯುವುದಕ್ಕೆ ನಿಮ್ಮ ಮನೆಗಳಲ್ಲಿ ಏನು ಹೇಳುತ್ತೀರಿ? ಮಡ್ಡಿಯೋ, ಚರಟವೋ, ಬೇರೆ ಏನಾದರೂ ಇದೆಯೋ?